ಕಂಪ್ಯೂಟರ್ ಪ್ರಶ್ನೋತ್ತರ: ಕೆಲಸದ ನಡುವೆ ಆಫ್ ಆಗುವ ಡೆಸ್ಕ್‌ಟಾಪ್

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ದೂರಿನವು: ಕಂಪ್ಯೂಟರ್ ತಾನಾಗಿ ಆಫ್ ಆಗುತ್ತದೆ. ಹಾಗಾಗಿ ಇಡೀ ಅಂಕಣ ಅದಕ್ಕೇ ಮೀಸಲು. ಬರೀ ‘ಆಫ್ ಆಗುತ್ತೆ’ ಎಂದರೆ ರೋಗ ಹಿಡಿಯಲು ಬರುವುದಿಲ್ಲ. ಕರೆಂಟು ಹೋದ ಹಾಗೆ ಟಕ್ಕನೆ ನಿಂತಿತೇ? ನಿಂತು ತಾನೇ ಮತ್ತೆ ಶುರುವಾಯಿತೇ? ದೋಷ ತೋರಿಸುವ ನೀಲಿ ಪರದೆ ಬಂತೇ? ‘ಶಟಿಂಗ್ ಡೌನ್’ ಎಂದು ತೋರಿಸಿ ಸಾವಕಾಶವಾಗಿ ಮುಚ್ಚಿತೇ? ನಾಲ್ಕಕ್ಕೂ ಕಾರಣ ಬೇರೆ, ಮದ್ದು ಬೇರೆ. ಇದನ್ನು ಗಮನಿಸದೆ ಅಂಗಡಿಗೆ ಒಯ್ದರೆ ಫಾರ್ಮ್ಯಾಟ್ ಮಾಡಿ ಕಳಿಸುತ್ತಾರೆ. ಟಕ್ಕನೆ ನಿಲ್ಲುವ ಯಂತ್ರಕ್ಕೆ ಫಾರ್ಮ್ಯಾಟಿನಿಂದ ಯಾವ ಉಪಯೋಗವೂ ಇಲ್ಲ.

ಪ್ರಶ್ನೆ: ನಮ್ಮದು ಡಿಟಿಪಿ ಕೇಂದ್ರ. ಹತ್ತನೇ ತಲೆಮಾರಿನ ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್, ಕೊಂಡು ನಾಲ್ಕು ವರ್ಷ ದಾಟಿದೆ. ಬೆಳಗ್ಗೆ ಚೆನ್ನಾಗಿಯೇ ನಡೆಯುತ್ತದೆ. ದೊಡ್ಡ ಫ್ಲೆಕ್ಸ್ ಫೈಲನ್ನು ಎಕ್ಸ್‌ಪೋರ್ಟ್‌ಗೆ ಕೊಟ್ಟರೆ ಮೊದಲು ನಿಧಾನವಾಗಿ, ಆಮೇಲೆ ಪಕ್ಕನೆ ಆಫ್ ಆಗುತ್ತದೆ. ಕೂಡಲೇ ಆನ್ ಮಾಡಿದರೆ ಎರಡು ಮೂರು ನಿಮಿಷಕ್ಕೇ ಮತ್ತೆ ಆಫ್. ಅರ್ಧ ಗಂಟೆ ಬಿಟ್ಟರೆ ಸರಿ. ಎರಡು ಸಲ ಫಾರ್ಮ್ಯಾಟ್ ಮಾಡಿಸಿದ್ದಾಯಿತು. ಏನು ಮಾಡಲಿ? — ಓದುಗರು, ಹಾವೇರಿ

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಮೊದಲು ನಿಧಾನವಾಗುವುದು, ಆಮೇಲೆ ಆಫ್, ಕೂಡಲೇ ಆನ್ ಮಾಡಿದರೆ ಇನ್ನೂ ಬೇಗ ಆಫ್, ತಣಿದ ಮೇಲೆ ಸರಿ. ಇದು ಬಿಸಿಯ ಲಕ್ಷಣ. ನಿಮ್ಮ ಪ್ರೊಸೆಸರಿನ ಮಿತಿ 100 ಡಿಗ್ರಿ ಸೆಲ್ಸಿಯಸ್. ಅಲ್ಲಿಗೆ ಮುಟ್ಟುತ್ತಿದ್ದಂತೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನಿಮಗೆ ಕಂಡ ನಿಧಾನ ಅದು. ಹಾಗೆ ತಗ್ಗಿಸಿಕೊಂಡೂ ಬಿಸಿ ಏರುತ್ತಲೇ ಹೋದರೆ ಪ್ರೊಸೆಸರೇ ಮದರ್‌ಬೋರ್ಡಿಗೆ ಸಂಕೇತ ಕೊಟ್ಟು ವಿದ್ಯುತ್ತನ್ನು ಕಡಿಸುತ್ತದೆ. ಇದರಲ್ಲಿ ವಿಂಡೋಸ್‌ಗೆ ಪಾತ್ರವೇ ಇಲ್ಲ. ಫೈಲು ಸೇವ್ ಮಾಡಿಕೊಳ್ಳಲೂ ಅದಕ್ಕೆ ಸಮಯ ಸಿಗುವುದಿಲ್ಲ.

ಮೊದಲು ಖಚಿತ ಮಾಡಿಕೊಳ್ಳಿ. ಯಂತ್ರ ತಣ್ಣಗಿರುವಾಗ ಆನ್ ಮಾಡಿ, ಡಿಲೀಟ್ ಅಥವಾ ಎಫ್2 ಕೀ ಒತ್ತಿ ಬಯೋಸ್‌ಗೆ (ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್ ಪರದೆ) ಹೋಗಿ. ಅಲ್ಲಿ ಸಿಪಿಯು ತಾಪಮಾನ ಮತ್ತು ಫ್ಯಾನಿನ ವೇಗ ಕಾಣುತ್ತದೆ. ಐದು ನಿಮಿಷ ಅದನ್ನೇ ನೋಡುತ್ತಿರಿ. 40ರಿಂದ 55ರ ಒಳಗೆ ನಿಂತರೆ ತೊಂದರೆಯಿಲ್ಲ. ಏನೂ ಕೆಲಸವಿಲ್ಲದ ಬಯೋಸ್‌ನಲ್ಲೇ 60, 70, 80 ಎಂದು ಮೆಟ್ಟಿಲು ಹತ್ತಿದ ಹಾಗೆ ಏರಿದರೆ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ಪಟ್ಟಿಗಳ ಗಟ್ಟಿ) ಪ್ರೊಸೆಸರಿಗೆ ಸರಿಯಾಗಿ ಕೂತಿಲ್ಲ ಎಂದೇ ಅರ್ಥ. ಫ್ಯಾನಿನ ವೇಗ ಸೊನ್ನೆ ಇದ್ದರೆ ಫ್ಯಾನ್ ಸತ್ತಿದೆ ಅಥವಾ ಅದರ ವೈರು ಸಿಪಿಯು ಫ್ಯಾನ್ ಎಂದು ಬರೆದ ಪಿನ್ನಿನಲ್ಲಿಲ್ಲ. ಬಯೋಸ್‌ನಲ್ಲಿ ಎಲ್ಲ ಸರಿಯಿದ್ದರೆ ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶದ ಸೆನ್ಸರ್ ಕಿಟಕಿ ತೆರೆದಿಟ್ಟು ಅದೇ ಫ್ಲೆಕ್ಸ್ ಫೈಲನ್ನು ಎಕ್ಸ್‌ಪೋರ್ಟ್‌ಗೆ ಕೊಡಿ. ದುಡಿಮೆಯಲ್ಲಿ 65ರಿಂದ 85 ಡಿಗ್ರಿ ಸಹಜ. 95 ದಾಟಿ ಅಲ್ಲೇ ನಿಂತರೆ ಕೆಲಸ ನಿಲ್ಲಿಸಿ ಕ್ಯಾಬಿನೆಟ್ ಬಿಚ್ಚಿ.

ಬಿಚ್ಚುವಾಗ ಪ್ಲಗ್ ಕಿತ್ತು, ಆನ್ ಬಟನ್ ಒಮ್ಮೆ ಒತ್ತಿ ಉಳಿದ ವಿದ್ಯುತ್ ಹೋಗಲು ಬಿಡಿ. ಬ್ಲೋವರ್ ಹಿಡಿದು ಹೊರಗಿನಿಂದ ಗಾಳಿ ಊದಿದರೆ ಸಾಕು ಎಂದುಕೊಳ್ಳಬೇಡಿ. ಫ್ಯಾನಿನ ರೆಕ್ಕೆಯ ಧೂಳು ಹಾರುತ್ತದೆ, ನಿಜ. ತೊಂದರೆ ಇರುವುದು ಫ್ಯಾನಿನ ಕೆಳಗೆ, ಅಲ್ಯೂಮಿನಿಯಂ ಪಟ್ಟಿಗಳ ಮೇಲೆ. ಫ್ಯಾನನ್ನು ಬೇರ್ಪಡಿಸಿ ನೋಡಿದರೆ ಅಲ್ಲಿ ಕಂಬಳಿಯ ತುಂಡು ಹಾಸಿದಂತೆ ಬೂದು ಪದರ ಕೂತಿರುತ್ತದೆ. ಒಂದು ತುದಿ ಹಿಡಿದು ಎತ್ತಿದರೆ ಇಡಿಯಾಗಿ ಬರುತ್ತದೆ. ಗಾಳಿ ಆ ಪದರಕ್ಕೆ ಬಡಿದು ವಾಪಸು ಬರುತ್ತಿರುತ್ತದೆ, ಒಳಗೆ ಇಳಿಯುವುದೇ ಇಲ್ಲ. ಪೇಂಟ್ ಬ್ರಷ್ ಮತ್ತು ಬ್ಲೋವರಿನಿಂದ ಅದನ್ನು ತೆಗೆಯಿರಿ. ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದಿರಿ, ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಪ್ಲಾಸ್ಟಿಕ್ ಮೂತಿಯಲ್ಲಿ ಸ್ಥಿರವಿದ್ಯುತ್ ಸೇರಿಕೊಳ್ಳುತ್ತದೆ.

ಪ್ರೊಸೆಸರ್ ಜೊತೆಗೇ ಬಂದ ಇಂಟೆಲ್ ಕೂಲರ್ (ಹೀಟ್‌ಸಿಂಕ್, ಫ್ಯಾನ್ ಸೇರಿದ್ದು) ಆಗಿದ್ದರೆ ಅದರ ನಾಲ್ಕು ಮೂಲೆಯ ಪ್ಲಾಸ್ಟಿಕ್ ಪಿನ್ನುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿ. ನಾಲ್ಕರಲ್ಲಿ ಒಂದು ಸಡಿಲವಾದರೂ ಕೂಲರ್ ಒಂದು ಕಡೆ ಎದ್ದು ನಿಲ್ಲುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ, ಬಿಸಿ ಏರುವಷ್ಟು. ತೆಗೆಯಲು ಪಿನ್ನಿನ ತಲೆಯನ್ನು ಅದರ ಮೇಲಿನ ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲೆಳೆಯಬೇಕು. ಹಾಕುವ ಮುಂಚೆ ತಲೆಯನ್ನು ಮೊದಲಿನ ಸ್ಥಾನಕ್ಕೆ ತಿರುಗಿಸಿಕೊಂಡು, ಕರ್ಣಕ್ಕೆ ಎದುರು ಬದುರಾದ ಎರಡೆರಡನ್ನು ಒಟ್ಟಿಗೆ ‘ಟಿಕ್’ ಎನ್ನುವ ತನಕ ಒತ್ತಿ. ಪಿನ್ನಿನ ತುದಿಗಳು ಮದರ್‌ಬೋರ್ಡಿನ ಹಿಂಬದಿಗೆ ನಾಲ್ಕೂ ಕಡೆ ಸಮನಾಗಿ ಹೊರಬಂದಿವೆಯೇ ಎಂದು ನೋಡಿ. ಪಿನ್ನು ಮುರಿದಿದ್ದರೆ ಅಂಟು, ದಾರಗಳ ಉಪಾಯ ಬೇಡ, ಕೂಲರನ್ನೇ ಬದಲಿಸಿ.

ಕೂಲರ್ ಒಮ್ಮೆ ಎತ್ತಿದ ಮೇಲೆ ಹಳೆಯ ಥರ್ಮಲ್ ಪೇಸ್ಟನ್ನೇ ನಂಬಬಾರದು. ನಾಲ್ಕು ವರ್ಷಕ್ಕೆ ಅದು ಒಣಗಿ ಸುಣ್ಣದ ಪುಡಿಯಾಗಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಎರಡೂ ಮೈ ಒರೆಸಿ, ಒಣಗಲು ಬಿಟ್ಟು, ಪ್ರೊಸೆಸರಿನ ನಡುಮಧ್ಯೆ 4–5 ಮಿ.ಮೀ. ಅಗಲದ ಒಂದೇ ಬೊಟ್ಟು ಇಟ್ಟು ಕೂಲರನ್ನು ನೇರವಾಗಿ ಒತ್ತಿ. ಬೆರಳಿನಿಂದ ಸವರುವುದು ಬೇಡ, ಒತ್ತಡಕ್ಕೆ ತಾನೇ ಹರಡುತ್ತದೆ. ಪೇಸ್ಟ್ ಜಾಸ್ತಿ ಹಾಕಿದಷ್ಟೂ ತಂಪು ಎಂಬುದು ತಪ್ಪು ಕಲ್ಪನೆ. ಲೋಹ ಲೋಹದ ನಡುವಿನ ಕೂದಲೆಳೆಯ ಸಂದು ತುಂಬುವುದಷ್ಟೇ ಅದರ ಕೆಲಸ.

ಇದನ್ನು ಓದುತ್ತಿರುವ, ಇಂಟೆಲ್ ಬದಲು ಎಎಂಡಿ ಪ್ರೊಸೆಸರ್ ಬಳಸುವವರಿಗೆ ಒಂದು ಎಚ್ಚರಿಕೆ. ಎಎಂ4 ಸಾಕೆಟ್ಟಿನ ರೈಜನ್ ಪ್ರೊಸೆಸರುಗಳಲ್ಲಿ ಪಿನ್ನು ಇರುವುದು ಪ್ರೊಸೆಸರಿನಲ್ಲೇ. ಒಣಗಿದ ಪೇಸ್ಟಿಗೆ ಅಂಟಿಕೊಂಡು ಕೂಲರಿನ ಜೊತೆ ಪ್ರೊಸೆಸರೂ ಕಿತ್ತು ಬಂದು ಪಿನ್ನು ಬಾಗುವುದುಂಟು. ಬಿಚ್ಚುವ ಮೊದಲು ಹತ್ತು ನಿಮಿಷ ಯಂತ್ರ ಓಡಿಸಿ ಬೆಚ್ಚಗಾಗಿಸಿ, ಆಮೇಲೆ ಆಫ್ ಮಾಡಿ, ಕೂಲರನ್ನು ಎಳೆಯದೆ ಎಡಕ್ಕೂ ಬಲಕ್ಕೂ ತಿರುಚುತ್ತಾ ಬಿಡಿಸಿ.

ಪ್ರಶ್ನೆ: ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್ ಪವರ್ 41’ ಎಂಬ ಕೆಂಪು ದೋಷ ಹತ್ತಾರು ಸಲ ಬಂದಿದೆ. ಇದು ವಿಂಡೋಸ್ ಕೆಟ್ಟಿರುವುದರ ಗುರುತು ಎನ್ನುತ್ತಾರೆ ರಿಪೇರಿಯವರು. ಹೌದೇ? — ಓದುಗರು, ದಾವಣಗೆರೆ

ಉತ್ತರ: ಅಲ್ಲ. 41 ಎನ್ನುವುದು ಕಾರಣವಲ್ಲ, ವರದಿ. ‘ಹಿಂದಿನ ಸಲ ನನ್ನನ್ನು ಸರಿಯಾಗಿ ಮುಚ್ಚಲಿಲ್ಲ’ ಎಂದು ವಿಂಡೋಸ್ ಮರುದಿನವೋ ಮರುಕ್ಷಣವೋ, ಮುಂದಿನ ಸಲ ಆನ್ ಆದಾಗ ಬರೆದಿಡುವ ಸಾಲು ಅದು. ನೀವು ಗೋಡೆಯ ಸ್ವಿಚ್ಚನ್ನು ಆಫ್ ಮಾಡಿದರೂ 41 ಬರುತ್ತದೆ. ಅದೇ ಅರ್ಥದ್ದು 6008. ಆದರೂ ಅದನ್ನು ತೆರೆದು ನೋಡುವುದು ವ್ಯರ್ಥವಲ್ಲ.

ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಈವೆಂಟ್ ವ್ಯೂವರ್, ಅದರಲ್ಲಿ ವಿಂಡೋಸ್ ಲಾಗ್ಸ್, ಅದರಲ್ಲಿ ಸಿಸ್ಟಂ. ಬಲಗಡೆಯ ಫಿಲ್ಟರ್‌ನಲ್ಲಿ 41, 1001, 1074, 6008 ಎಂದು ಅಲ್ಪವಿರಾಮ ಕೊಟ್ಟು ಬರೆಯಿರಿ. 41ರ ಡೀಟೇಲ್ಸ್ ಪುಟದಲ್ಲಿ ‘ಬಗ್‌ಚೆಕ್ ಕೋಡ್’ ಎಂಬ ಸಾಲಿದೆ. ಅಲ್ಲಿ 0 ಇದ್ದರೆ ವಿಂಡೋಸ್‌ಗೆ ಅರಿವಾಗುವ ಮುಂಚೆಯೇ ವಿದ್ಯುತ್ ಹೋಗಿದೆ, ಇಲ್ಲವೇ ಯಂತ್ರ ಮರಗಟ್ಟಿ ನಿಂತಿದೆ. ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸುವ, ಕ್ಯಾಬಿನೆಟ್ ಒಳಗಿನ ಡಬ್ಬ), ಬಿಸಿ, ಯುಪಿಎಸ್, ಬಟನ್ ಈ ಕಡೆ ಹುಡುಕಿ. ಬೇರೆ ಅಂಕಿಯಿದ್ದರೆ ನೀಲಿ ಪರದೆ ಬಂದು ಹೋಗಿದೆ, ನೀವು ನೋಡಿಲ್ಲ ಅಷ್ಟೆ; 1001 ಅದರದೇ ದಾಖಲೆ. ಅಲ್ಲಿ 292 ಇದ್ದರೆ ಪ್ರೊಸೆಸರ್, ಮದರ್‌ಬೋರ್ಡ್ ಮುಂತಾದ ಯಂತ್ರಾಂಶದ ದೋಷ. 26 ಇದ್ದರೆ ಮೊದಲು ರ‍್ಯಾಮ್ ಮೇಲೆ ಅನುಮಾನ. ಅದೇ ಪುಟದ ‘ಪವರ್ ಬಟನ್ ಟೈಮ್‌ಸ್ಟಾಂಪ್’ ಸಾಲಿನಲ್ಲಿ ಸೊನ್ನೆಯಲ್ಲದ ದೊಡ್ಡ ಸಂಖ್ಯೆ ಇದ್ದರೆ ಯಾರೋ ಆನ್ ಬಟನ್ ಅದುಮಿ ಹಿಡಿದಿದ್ದಾರೆ, ಅಥವಾ ಬಟನ್ ತಾನೇ ಸಿಕ್ಕಿಕೊಂಡಿದೆ.

1074 ಬಂದಿದ್ದರೆ ಮಾತೇ ಬೇರೆ. ಅದು ವಿಂಡೋಸ್ ತಿಳಿದೇ ಮುಚ್ಚಿದ್ದು. ಯಾವ ತಂತ್ರಾಂಶ ಮುಚ್ಚಿಸಿತು ಎಂಬ ಹೆಸರೂ ಅಲ್ಲೇ ಇರುತ್ತದೆ: ಅಪ್‌ಡೇಟ್, ಟಾಸ್ಕ್ ಶೆಡ್ಯೂಲರ್‌ನಲ್ಲಿ ಯಾರೋ ಇಟ್ಟ ಆಜ್ಞೆ, ಹೀಗೆ. ಇಂಥದ್ದಕ್ಕೆ ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಅಗತ್ಯವೇ ಇಲ್ಲ.

ಪ್ರಶ್ನೆ: ಸರಿಯಾಗಿ ಗಂಟೆಗೊಮ್ಮೆ ಆಫ್ ಆಗುತ್ತದೆ. ಗಡಿಯಾರ ನೋಡಿ ಹೇಳಬಹುದು. ಎಸ್‌ಎಂಪಿಎಸ್ ಬದಲಿಸಿದರೂ ಹಾಗೇ. — ಓದುಗರು, ಕಲಬುರಗಿ

ಉತ್ತರ: ಯಂತ್ರದ ಭಾಗಗಳಿಗೆ ಗಡಿಯಾರ ನೋಡಲು ಬರುವುದಿಲ್ಲ. ಪರದೆಯ ಬಲ ಕೆಳಮೂಲೆಯಲ್ಲಿ ವಿಂಡೋಸ್ ಪರವಾನಗಿ ಮುಗಿದಿದೆ ಎಂಬ ಸಾಲು ಇದೆಯೇ ನೋಡಿ. ಪರೀಕ್ಷೆಗೆಂದು ಉಚಿತವಾಗಿ ಕೊಡುವ ‘ಎಂಟರ್‌ಪ್ರೈಸ್ ಇವ್ಯಾಲ್ಯುಯೇಶನ್’ ಆವೃತ್ತಿಯ ಅವಧಿ 90 ದಿನ. ಅದು ಮುಗಿದ ಮೇಲೆ ಗಂಟೆಗೊಮ್ಮೆ ತಾನೇ ಮುಚ್ಚುತ್ತದೆ. ರಿಪೇರಿಯವರು ಅದನ್ನು ಹಾಕಿಕೊಟ್ಟು ಕೈತೊಳೆದುಕೊಂಡಿರಬೇಕು. ಈವೆಂಟ್ ವ್ಯೂವರ್‌ನಲ್ಲಿ 1074ರ ಎದುರು ಡಬ್ಲ್ಯುಎಲ್‌ಎಂಎಸ್ (wlms, ಪರವಾನಗಿಯ ಮೇಲೆ ಕಣ್ಣಿಡುವ ವಿಂಡೋಸ್ ಸೇವೆ) ಎಂಬ ಹೆಸರಿದ್ದರೆ ಅನುಮಾನವೇ ಬೇಡ. ಕೀ ಕೊಂಡು ಹಾಕಿದರೆ ಇದು ಹೋಮ್ ಅಥವಾ ಪ್ರೊ ಆಗಿ ಬದಲಾಗುವುದಿಲ್ಲ; ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಂಡು ಸರಿಯಾದ ಆವೃತ್ತಿಯನ್ನು ಹೊಸದಾಗಿಯೇ ಹಾಕಬೇಕು. ಈ ಅಂಕಣದಲ್ಲಿ ಫಾರ್ಮ್ಯಾಟ್ ಮಾಡಿ ಎಂದು ನಾವು ಹೇಳುವುದು ಇವರೊಬ್ಬರಿಗೇ.

ಇದೇ ನೆಪದಲ್ಲಿ ಇನ್ನೊಂದು ಸಂಶಯ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಕ್ಕೇ ಆಫ್ ಆಗುತ್ತಿದೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ಭದ್ರತೆಯ ಅಪ್‌ಡೇಟ್ ಎಂದಿನಂತೆ ಬರುವುದಿಲ್ಲ ಅಷ್ಟೆ, ಯಂತ್ರ ನಿಲ್ಲುವುದಿಲ್ಲ.

ಪ್ರಶ್ನೆ: ಹಳ್ಳಿಯಲ್ಲಿದ್ದೇವೆ. 600 ವಿಎ ಯುಪಿಎಸ್ ಇದೆ, ಮೂರು ವರ್ಷ ಹಳೆಯದು. ಕರೆಂಟು ಹೋದರೆ ಯುಪಿಎಸ್ ಆನ್ ಇದ್ದರೂ ಕಂಪ್ಯೂಟರ್ ಆಫ್ ಆಗುತ್ತದೆ. ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕೊಟ್ಟಾಗ ಯುಪಿಎಸ್ ಟಕಟಕ ಎನ್ನುತ್ತಾ ಇರುತ್ತದೆ, ಆಗಲೂ ಒಮ್ಮೊಮ್ಮೆ ಆಫ್. — ಓದುಗರು, ಮಂಡ್ಯ ಜಿಲ್ಲೆ

ಉತ್ತರ: ಇಲ್ಲಿ ಎರಡು ತೊಂದರೆ ಒಟ್ಟಿಗೆ ಇವೆ. ಒಂದೊಂದಾಗಿ ನೋಡೋಣ.

ಮೊದಲು ವೋಲ್ಟೇಜು. ಮನೆಗೆ ಬರಬೇಕಾದದ್ದು 230 ವೋಲ್ಟ್, ಹೆಚ್ಚುಕಮ್ಮಿ ಶೇ 6. ಅಂದರೆ 216ರಿಂದ 244. ಒಂದೇ ಟ್ರಾನ್ಸ್‌ಫಾರ್ಮರ್ ಮೇಲೆ ಮೋಟಾರುಗಳು ಒಮ್ಮೆಗೇ ಎದ್ದಾಗ ಅದು 160, 150ಕ್ಕೂ ಕುಸಿಯುತ್ತದೆ. ‘ಟಕಟಕ’ ಎನ್ನುವುದು ಯುಪಿಎಸ್ ಒಳಗಿನ ರಿಲೇ, ಅಂದರೆ ತಾನೇ ಬದಲಾಗುವ ಸ್ವಿಚ್. ವೋಲ್ಟೇಜನ್ನು ಏರಿಸಿ ಕೊಡಲು ನೋಡುತ್ತದೆ, ಸಾಧ್ಯವಾಗದಿದ್ದರೆ ಬ್ಯಾಟರಿಗೆ ಜಿಗಿಯುತ್ತದೆ, ಮತ್ತೆ ವಾಪಸು. ಗಂಟೆಗಟ್ಟಲೆ ಹೀಗಾದರೆ ಬ್ಯಾಟರಿ ಬರಿದಾಗುತ್ತದೆ. ನಿಜವಾಗಿ ಕರೆಂಟು ಹೋದಾಗ ಅದರಲ್ಲಿ ಏನೂ ಉಳಿದಿರುವುದಿಲ್ಲ. ಯುಪಿಎಸ್‌ಗೂ ಮುಂಚೆ 130 ಅಥವಾ 140 ವೋಲ್ಟಿನಿಂದಲೇ ಕೆಲಸ ಮಾಡುವ ಸ್ಟೆಬಿಲೈಸರ್ ಹಾಕಿದರೆ ಈ ಜಿಗಿತ ಬಹುಪಾಲು ನಿಲ್ಲುತ್ತದೆ.

ಇನ್ನು ಬ್ಯಾಟರಿ. 600 ವಿಎ ಎಂದರೆ ಸಾಮಾನ್ಯವಾಗಿ 360 ವಾಟ್. ಒಳಗಿರುವುದು 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಒಂದೇ. ಎರಡು ಮೂರು ವರ್ಷ ಅದರ ಆಯುಷ್ಯ. ಪರೀಕ್ಷೆ ಸುಲಭ: ಎಂಟು ಗಂಟೆ ಚಾರ್ಜ್ ಆದ ಮೇಲೆ ಕಂಪ್ಯೂಟರ್ ಬಿಚ್ಚಿ, ಅದರ ಜಾಗಕ್ಕೆ ಹಳೆಯ 100 ವಾಟ್ ತಂತಿ ಬಲ್ಬ್ ಹಾಕಿ ಗೋಡೆಯ ಸ್ವಿಚ್ ಆಫ್ ಮಾಡಿ. ಎಲ್‌ಇಡಿ ಬಲ್ಬ್ ಬೇಡ, ಅದು ಎಳೆಯುವುದೇ ಇಲ್ಲ. ಗಟ್ಟಿ ಬ್ಯಾಟರಿ ಹದಿನೈದು ನಿಮಿಷವಾದರೂ ಉರಿಸುತ್ತದೆ. ಒಂದೆರಡು ನಿಮಿಷಕ್ಕೆ ಕೂಗಿ ನಿಂತರೆ ಬ್ಯಾಟರಿ ಬದಲಿಸಿ. ಮಲ್ಟಿಮೀಟರ್ ಇದ್ದರೆ ಬಲ್ಬ್ ಉರಿಯುವಾಗಲೇ ಬ್ಯಾಟರಿಯ ತುದಿಗಳಲ್ಲಿ ಅಳೆಯಿರಿ. ಕ್ಷಣದಲ್ಲಿ 10.5 ವೋಲ್ಟಿಗಿಂತ ಕೆಳಗೆ ಬಿದ್ದರೆ ಅದರ ಕಥೆ ಮುಗಿಯಿತು.

ಬಲ್ಬ್ ಚೆನ್ನಾಗಿ ಉರಿದು ಕಂಪ್ಯೂಟರ್ ಮಾತ್ರ ಆಫ್ ಆಗುತ್ತಿದ್ದರೆ? ಆಗ ಎಸ್‌ಎಂಪಿಎಸ್ ಕಡೆ ತಿರುಗಿ. ಕರೆಂಟಿನಿಂದ ಬ್ಯಾಟರಿಗೆ ಬದಲಾಗಲು ಇಂಥ ಯುಪಿಎಸ್‌ಗೆ ಕೆಲವು ಮಿಲಿಸೆಕೆಂಡು ಬೇಕು, ಹೆಚ್ಚೆಂದರೆ ಹತ್ತು. ಒಳ್ಳೆಯ ಎಸ್‌ಎಂಪಿಎಸ್ ಹೊರಗಿನ ವಿದ್ಯುತ್ ಕಡಿದರೂ ವಿದ್ಯುತ್ ಕೂಡಿಟ್ಟುಕೊಳ್ಳುವ ತನ್ನ ಕೆಪಾಸಿಟರಿನ ಬಲದಿಂದ 16 ಮಿಲಿಸೆಕೆಂಡು ತಾಳಬೇಕು. ಅಗ್ಗದ್ದು ಅಥವಾ ಕೆಪಾಸಿಟರ್ ಒಣಗಿದ ಹಳೆಯದು ಅಷ್ಟು ತಾಳುವುದಿಲ್ಲ. ಪವರ್ ಫ್ಯಾಕ್ಟರ್ ತಿದ್ದುವ (ಪಿಎಫ್‌ಸಿ ಇರುವ) ಹೊಸ ಎಸ್‌ಎಂಪಿಎಸ್‌ಗಳಲ್ಲಿ ಕೆಲವಕ್ಕೆ ಅಗ್ಗದ ಯುಪಿಎಸ್ ಕೊಡುವ ಚೌಕ ಅಲೆ ಒಗ್ಗುವುದಿಲ್ಲ. ಅದಕ್ಕೆ ಗೋಡೆಯ ಕರೆಂಟಿನಂತೆ ನಯವಾಗಿ ಏರಿಳಿಯುವ ಶುದ್ಧ ಸೈನ್ ಅಲೆಯ ಯುಪಿಎಸ್ಸೇ ಬೇಕು.

ಮನೆಯ ಇನ್ವರ್ಟರಿನಿಂದ ಕಂಪ್ಯೂಟರ್ ನಡೆಸುವವರು ಅದರ ಹಿಂದೆ ಇರುವ ಪುಟ್ಟ ಸ್ವಿಚ್ಚನ್ನು ನೋಡಿ. ‘ನಾರ್ಮಲ್’ ಅಥವಾ ‘ಇಕೋ’ದಲ್ಲಿದ್ದರೆ ಬದಲಾವಣೆ ನಿಧಾನ, ಫ್ಯಾನು ದೀಪಗಳಿಗೆ ಸಾಕು, ಕಂಪ್ಯೂಟರಿಗೆ ಸಾಲದು. ‘ಯುಪಿಎಸ್’ ಕಡೆಗೆ ತಳ್ಳಿ. ಹಾಗೆಯೇ ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಬೇಡಿ. ಹಾಳೆ ಬಿಸಿ ಮಾಡುವ ಕ್ಷಣದಲ್ಲಿ ಅದು 800–1000 ವಾಟ್ ಎಳೆಯುತ್ತದೆ, ಯುಪಿಎಸ್ ಇಡೀ ಮುಗ್ಗರಿಸುತ್ತದೆ.

ಪ್ರಶ್ನೆ: ಆನ್ ಮಾಡಿದರೆ ನಾಲ್ಕೈದು ಸೆಕೆಂಡಿಗೆ ಆಫ್. ಕೆಲವೊಮ್ಮೆ ತಾನೇ ಆನ್ ಕೂಡ ಆಗುತ್ತದೆ! ಬಯೋಸ್ ಬ್ಯಾಟರಿ ಬದಲಿಸಿ ನೋಡಿದೆವು. — ಓದುಗರು, ಶಿರಸಿ

ಉತ್ತರ: ಆ ನಾಲ್ಕು ಸೆಕೆಂಡೇ ಸುಳಿವು. ಆನ್ ಬಟನ್ ನಾಲ್ಕು ಸೆಕೆಂಡು ಅದುಮಿ ಹಿಡಿದರೆ ಯಾವ ಡೆಸ್ಕ್‌ಟಾಪ್ ಆದರೂ ಆಫ್ ಆಗುತ್ತದೆ. ನಿಮ್ಮ ಬಟನ್ ಒತ್ತಿದ ಜಾಗದಲ್ಲೇ ಸಿಕ್ಕಿಕೊಳ್ಳುತ್ತಿದೆ. ಮದರ್‌ಬೋರ್ಡಿನ ಕೆಳಮೂಲೆಯಲ್ಲಿ ಪವರ್ ಸ್ವಿಚ್ ಎಂದು ಬರೆದ ಎರಡು ವೈರಿನ ಪುಟ್ಟ ಕ್ಲಿಪ್ ಇರುತ್ತದೆ, ಅದನ್ನು ಕಿತ್ತುಬಿಡಿ. ಆ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ತುದಿಯನ್ನು ಕ್ಷಣಮಾತ್ರ ತಾಗಿಸಿದರೆ ಯಂತ್ರ ಆನ್ ಆಗುತ್ತದೆ. ಅಲ್ಲಿರುವುದು ಬರೀ ಐದು ವೋಲ್ಟಿನ ಒಳಗೆ, ಶಾಕ್ ಹೊಡೆಯುವುದಿಲ್ಲ. ಹೀಗೆ ಆನ್ ಮಾಡಿದಾಗ ಗಂಟೆಗಟ್ಟಲೆ ನಡೆದರೆ ದೋಷ ಬಟನ್ನಿನದೇ. ಹೊಸ ಬಟನ್ ಸಿಗುವ ತನಕ ರೀಸೆಟ್ ಬಟನ್ನಿನ ಕ್ಲಿಪ್ಪನ್ನು ತಂದು ಪವರ್ ಪಿನ್ನುಗಳಿಗೆ ಸಿಕ್ಕಿಸಿ; ಮುಂದೆಯೂ ಅದೇ ಸಾಕು ಎನಿಸಿದರೆ ಹಾಗೇ ಇರಲಿ.

ಬಟನ್ ಸರಿಯಿದ್ದರೆ ಕ್ಯಾಬಿನೆಟ್ ಮುಂಭಾಗದ ಯುಎಸ್‌ಬಿ ಕಿಂಡಿಗಳಿಗೆ ಟಾರ್ಚ್ ಹಾಕಿ ನೋಡಿ. ಒಳಗಿನ ಪಿನ್ನು ಬಾಗಿ ಲೋಹಕ್ಕೆ ತಾಗಿದ್ದರೆ ‘ಯುಎಸ್‌ಬಿ ಓವರ್ ಕರೆಂಟ್’ ಎಂದು ತೋರಿಸಿ 15 ಸೆಕೆಂಡಿಗೆ ಆಫ್ ಆಗುವ ಬೋರ್ಡುಗಳಿವೆ. ಮುಂಭಾಗದ ಯುಎಸ್‌ಬಿ ಕೇಬಲನ್ನು ಬೋರ್ಡಿನಿಂದ ಬಿಚ್ಚಿದರೆ ಗೊತ್ತಾಗುತ್ತದೆ. ಬಯೋಸ್ ಬ್ಯಾಟರಿ ಸತ್ತರೆ ತಾರೀಕು, ಗಂಟೆ ತಪ್ಪುತ್ತದೆ. ಈ ದೂರಿಗೂ ಅದಕ್ಕೂ ಸಂಬಂಧ ತೀರಾ ಅಪರೂಪ.

ಪ್ರಶ್ನೆ: ಐ5 12400ಎಫ್ ಪ್ರೊಸೆಸರಿಗೆ ಹೊಸದಾಗಿ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕಿದೆ. ಗೇಮ್ ಶುರು ಮಾಡಿ ಹತ್ತು ನಿಮಿಷಕ್ಕೆ ಟಕ್ ಎಂದು ಆಫ್. ಬಟನ್ ಒತ್ತಿದರೂ ಆನ್ ಆಗುವುದಿಲ್ಲ, ಪ್ಲಗ್ ಕಿತ್ತು ಹಾಕಿದರೆ ಆಗುತ್ತದೆ. ತಾಪಮಾನ 70 ದಾಟುವುದಿಲ್ಲ. ಎಸ್‌ಎಂಪಿಎಸ್ ಮೇಲೆ 450 ವಾಟ್ ಎಂದಿದೆ. — ವಿದ್ಯಾರ್ಥಿ, ತುಮಕೂರು

ಉತ್ತರ: ಪ್ಲಗ್ ಕಿತ್ತು ಹಾಕಿದರೆ ಮಾತ್ರ ಆನ್ ಆಗುವುದು ಎಸ್‌ಎಂಪಿಎಸ್ ತನ್ನನ್ನು ತಾನು ರಕ್ಷಿಸಿಕೊಂಡು ಬೀಗ ಹಾಕಿಕೊಂಡಿರುವ ಲಕ್ಷಣ. ಡಬ್ಬದ ಮೇಲಿನ ದೊಡ್ಡ ಅಕ್ಷರದ 450 ಅನ್ನು ಮರೆತು, ಪಕ್ಕದ ಸ್ಟಿಕ್ಕರಿನಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಎಂದಿದೆ ನೋಡಿ. ಅಸೆಂಬಲ್ಡ್ ಕ್ಯಾಬಿನೆಟ್ ಜೊತೆಗೇ ಬರುವ ಅಗ್ಗದವುಗಳಲ್ಲಿ 14, 16 ಎಂದಿರುತ್ತದೆ. 16 ಅನ್ನು 12ರಿಂದ ಗುಣಿಸಿದರೆ 192 ವಾಟ್. ನಿಮ್ಮ ಕಾರ್ಡು 170 ವಾಟ್, ಪ್ರೊಸೆಸರ್ ಪೂರ್ಣ ಓಟದಲ್ಲಿ 117 ವಾಟ್, ಎರಡೂ ನಡೆಯುವುದು 12 ವೋಲ್ಟಿನಲ್ಲೇ. ಬೋರ್ಡು, ಫ್ಯಾನು, ಡಿಸ್ಕುಗಳು ಬೇರೆ. ಇದರ ಮೇಲೆ ಕಾರ್ಡು ಕೆಲವು ಮಿಲಿಸೆಕೆಂಡು ತನ್ನ ಲೆಕ್ಕಕ್ಕಿಂತ ಬಹಳ ಹೆಚ್ಚು ಎಳೆಯುವುದುಂಟು. ಸರಾಸರಿ ತೋರಿಸುವ ತಂತ್ರಾಂಶದಲ್ಲಿ ಅದು ಕಾಣುವುದೇ ಇಲ್ಲ.

ಕೊಳ್ಳುವ ಮುಂಚೆ ಖಾತ್ರಿ ಬೇಕಿದ್ದರೆ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಕಾರ್ಡಿನ ಪವರ್ ಲಿಮಿಟ್ಟನ್ನು ಶೇ 75ಕ್ಕೆ ಇಳಿಸಿ, ಗೇಮಿನಲ್ಲಿ ಫ್ರೇಮ್ ಮಿತಿ ಸೆಕೆಂಡಿಗೆ 60 ಇಟ್ಟು ಆಡಿ. ಆಫ್ ಆಗುವುದು ನಿಂತರೆ ಎಸ್‌ಎಂಪಿಎಸ್ಸೇ ಎಂದು ತಿಳಿಯಿರಿ. ಇದು ಪರೀಕ್ಷೆಯಷ್ಟೇ, ಪರಿಹಾರ ಅಲ್ಲ.

ಈ ಕಾರ್ಡಿಗೆ ಎನ್ವಿಡಿಯಾ ಹೇಳುವುದು 550 ವಾಟ್. ನಿಜವಾದ 550 ವಾಟಿನ ಸ್ಟಿಕ್ಕರಿನಲ್ಲಿ 12 ವೋಲ್ಟಿಗೆ 40ಕ್ಕಿಂತ ಹೆಚ್ಚು ಆಂಪಿಯರ್ ಇರುತ್ತದೆ, ದಕ್ಷತೆಯ 80 ಪ್ಲಸ್ ಗುರುತು ಇರುತ್ತದೆ, ಎತ್ತಿದರೆ ಕೈಗೆ ಭಾರ ತಿಳಿಯುತ್ತದೆ. ಬೆಂಗಳೂರಿನ ಕಂಪ್ಯೂಟರ್ ಪೇಟೆ ಎಸ್.ಪಿ. ರಸ್ತೆಗೆ ಹೋಗುವುದಾದರೆ ಬಿಲ್ಲಿನ ಮೇಲೆ ಮಾದರಿ ಮತ್ತು ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ, ವಾರಂಟಿಗೆ ಅದು ಬೇಕು. ಹಳೆಯ ಎಸ್‌ಎಂಪಿಎಸ್‌ನಲ್ಲಿ ಕಾರ್ಡಿಗೆ ಬೇಕಾದ 8 ಪಿನ್ನಿನ ಕೇಬಲ್ ಇಲ್ಲವೆಂದು, ಡಿಸ್ಕಿಗೆ ವಿದ್ಯುತ್ ಕೊಡುವ ಸಾಟಾ ಕೇಬಲಿನಿಂದ 8 ಪಿನ್ನಿಗೆ ಬದಲಿಸುವ ತುಂಡು ಹಾಕಿದ್ದರೆ ಇಂದೇ ಕಿತ್ತು ಹಾಕಿ. ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ ತಾಳುವುದು 4.5 ಆಂಪಿಯರ್, ಅಂದರೆ 54 ವಾಟ್. 8 ಪಿನ್ನಿನ ಕನೆಕ್ಟರಿನಿಂದ ಕಾರ್ಡು 150 ವಾಟ್ ಕೇಳಬಹುದು. ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತಿಕೊಳ್ಳುವುದು ಇಂಥಲ್ಲೇ.

ಪ್ರಶ್ನೆ: ಪರದೆ ಕಪ್ಪಾಗುತ್ತದೆ, ಆದರೆ ಕ್ಯಾಬಿನೆಟ್ ಫ್ಯಾನು ತಿರುಗುತ್ತಲೇ ಇರುತ್ತದೆ. — ಓದುಗರು, ಚಿತ್ರದುರ್ಗ

ಉತ್ತರ: ಹಾಗಾದರೆ ಅದು ಆಫ್ ಆಗಿಲ್ಲ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರಿದರೆ ಕಂಪ್ಯೂಟರ್ ಜೀವಂತ ಇದೆ, ಮಾನಿಟರ್, ಅದರ ಕೇಬಲ್ ಅಥವಾ ಗ್ರಾಫಿಕ್ಸ್ ಡ್ರೈವರ್ ನೋಡಿ. ದೀಪ ಬದಲಾಗದಿದ್ದರೆ ಯಂತ್ರ ಮರಗಟ್ಟಿದೆ: ಒಂದೇ ರ‍್ಯಾಮ್ ಪಟ್ಟಿ ಇಟ್ಟು, ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿಯ ವೇಗ ಹೆಚ್ಚಿಸುವ ಆಯ್ಕೆ) ಆಫ್ ಮಾಡಿ, ಪೆನ್‌ಡ್ರೈವಿನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ನಾಲ್ಕು ಸುತ್ತು ಓಡಿಸಿ. ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ. ಪಟ್ಟಿಯನ್ನು ಮತ್ತೊಂದು ಸ್ಲಾಟಿಗೆ ಹಾಕಿ ಮತ್ತೆ ಓಡಿಸಿದರೆ ಕೆಟ್ಟದ್ದು ಪಟ್ಟಿಯೋ ಸ್ಲಾಟೋ ಎಂದು ತಿಳಿಯುತ್ತದೆ.

ಪ್ರಶ್ನೆ: ಮಳೆಗಾಲ ಬಂದರೆ ಕಾಟ ಶುರು. ಬೇಸಿಗೆಯಲ್ಲಿ ಸರಿ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ. ಎಸ್‌ಎಂಪಿಎಸ್ಸನ್ನು ಮನೆಯಲ್ಲೇ ಪರೀಕ್ಷಿಸಬಹುದೇ? ರಿಪೇರಿ ಮಾಡಿಸುವುದೋ ಹೊಸದೋ? — ಓದುಗರು, ಕುಂದಾಪುರ

ಉತ್ತರ: ಜುಮ್ ಎನ್ನುವುದನ್ನು ಮೊದಲು ಸರಿಮಾಡಿ. ಅರ್ತಿಂಗ್ ಇಲ್ಲದಾಗ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಕ್ಯಾಬಿನೆಟ್ ಮೈಗೆ ಸುಮಾರು ಅರ್ಧ ವೋಲ್ಟೇಜು, ಅಂದರೆ 115ರ ಆಸುಪಾಸು ಬರುತ್ತದೆ. ಅದರ ಕರೆಂಟು ಅತ್ಯಲ್ಪವಾದ್ದರಿಂದ ಜುಮ್ ಎಂದು ಬಿಡುತ್ತದೆ. ಒಳಗೆ ಬೇರೇನಾದರೂ ಸೋರಿದ ದಿನ ಅಷ್ಟಕ್ಕೇ ನಿಲ್ಲುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ಟಿನ ಮೂರೂ ರಂಧ್ರ ಅಳೆಯಿಸಿ. ಫೇಸ್–ನ್ಯೂಟ್ರಲ್, ಫೇಸ್–ಅರ್ತ್ ಹೆಚ್ಚುಕಡಿಮೆ ಒಂದೇ ಇರಬೇಕು. ನ್ಯೂಟ್ರಲ್–ಅರ್ತ್ ಎರಡು ಮೂರು ವೋಲ್ಟಿನೊಳಗೆ ಇರಬೇಕು.

ಮನೆಯ ಪರೀಕ್ಷೆಗೆ ಇನ್ನೂರು ಮುನ್ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಅದನ್ನು ಡಿಸಿ 20 ವೋಲ್ಟಿಗೆ ಇಟ್ಟು, ಯಂತ್ರ ನಡೆಯುತ್ತಿರುವಾಗ ಖಾಲಿ ಇರುವ ನಾಲ್ಕು ಪಿನ್ನಿನ ಹಳೆ ಮಾದರಿಯ ಕನೆಕ್ಟರಿನಲ್ಲಿ ಕಪ್ಪು ವೈರಿಗೆ ಮೀಟರಿನ ಕಪ್ಪು ಮೊನೆ, ಹಳದಿ ವೈರಿಗೆ ಕೆಂಪು ಮೊನೆ ತಾಗಿಸಿ. 11.40ರಿಂದ 12.60ರ ಒಳಗಿರಬೇಕು. ಕೆಂಪು ವೈರಿನಲ್ಲಿ 4.75ರಿಂದ 5.25. ಎರಡು ಮೊನೆ ಒಂದಕ್ಕೊಂದು ತಾಗದಂತೆ ಎಚ್ಚರ. ಸುಮ್ಮನಿರುವಾಗ 12.1 ಇದ್ದು, ಭಾರದ ಕೆಲಸ ಕೊಟ್ಟ ಕೂಡಲೇ 11.3ಕ್ಕೆ ಇಳಿದರೆ ಅದು ಹೋಗುವ ದಾರಿಯಲ್ಲಿದೆ. ಹಸಿರು ಮತ್ತು ಕಪ್ಪು ವೈರನ್ನು ಪೇಪರ್ ಕ್ಲಿಪ್ಪಿನಿಂದ ಜೋಡಿಸಿ ಫ್ಯಾನು ತಿರುಗಿದರೆ ‘ಎಸ್‌ಎಂಪಿಎಸ್ ಚೆನ್ನಾಗಿದೆ’ ಎನ್ನುವವರಿದ್ದಾರೆ. ಅದು ಪೂರ್ತಿ ಸತ್ತಿಲ್ಲ ಎಂದಷ್ಟೇ ಆ ಪರೀಕ್ಷೆ ಹೇಳುತ್ತದೆ, ಭಾರ ಹೊರುತ್ತದೆ ಎಂದಲ್ಲ.

ಕರಾವಳಿಯ ಮಳೆಗಾಲದಲ್ಲಿ ಧೂಳು ತೇವ ಹೀರಿ ವಾಹಕವಾಗುತ್ತದೆ. ಉಪ್ಪುಗಾಳಿಗೆ ಕನೆಕ್ಟರುಗಳ ಪಿನ್ನು ಕಪ್ಪಾಗುತ್ತದೆ. ಬೆಚ್ಚಗಿನ ಜಾಗ ಎಂದು ಇರುವೆ, ಹಲ್ಲಿ ಒಳಗೆ ಸೇರುತ್ತವೆ. ಹಿಂಬದಿಯ ಖಾಲಿ ಸ್ಲಾಟುಗಳಿಗೆ ತಗಡಿನ ಪಟ್ಟಿ ಹಾಕಿಸಿ. ವಾರಗಟ್ಟಲೆ ಮುಚ್ಚಿಟ್ಟು ಮಳೆಯ ದಿನ ಒಮ್ಮೆಗೇ ಆನ್ ಮಾಡುವುದಕ್ಕಿಂತ ದಿನಕ್ಕೆ ಅರ್ಧ ಗಂಟೆ ನಡೆಸುವುದು ಮೇಲು, ಆ ಬಿಸಿಗೆ ತೇವ ಆರುತ್ತದೆ. ಗುಡುಗು ಕೇಳಿದರೆ ಪವರ್ ಪ್ಲಗ್ ಜೊತೆಗೆ ಇಂಟರ್ನೆಟ್ ಕೇಬಲ್ ಕೂಡ ಕೀಳಿ. ಸಿಡಿಲು ಆ ದಾರಿಯಿಂದಲೂ ಬರುತ್ತದೆ.

ರಿಪೇರಿಯ ವಿಷಯ. ಎಸ್‌ಎಂಪಿಎಸ್ ಡಬ್ಬವನ್ನು ನೀವು ತೆರೆಯಬೇಡಿ. 230 ವೋಲ್ಟ್ ಒಳಗೆ ಡಿಸಿಯಾದಾಗ ಸುಮಾರು 325 ವೋಲ್ಟ್, ಪವರ್ ಫ್ಯಾಕ್ಟರ್ ತಿದ್ದುವ ಮಾದರಿಯಲ್ಲಿ 380ರ ಮೇಲೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಅದು ಕೂತಿರಬಹುದು. ತಿಳಿದವರಿಂದ ಫ್ಯಾನು ಬದಲಿಸಿಕೊಳ್ಳುವುದು ಸರಿ. ಐದು ವರ್ಷ ದಾಟಿದ ಅಗ್ಗದ ಎಸ್‌ಎಂಪಿಎಸ್‌ಗೆ ಕೆಪಾಸಿಟರ್ ಬದಲಿಸಿ ಹಣ ಸುರಿಯುವುದು ನಮ್ಮ ಮಟ್ಟಿಗೆ ದಂಡ. ಅದು ಹೋಗುವಾಗ ಮದರ್‌ಬೋರ್ಡನ್ನೂ ಕರೆದೊಯ್ದರೆ ನಷ್ಟ ಹತ್ತು ಪಟ್ಟು. ಹೊಸದು ಹಾಕುವಾಗಲೇ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಸುತ್ತಲಿನ ಕೆಪಾಸಿಟರುಗಳ ತಲೆಯನ್ನು ನೋಡಿಸಿ. ಚಪ್ಪಟೆಯಾಗಿರಬೇಕಾದ ತಲೆ ಉಬ್ಬಿದ್ದರೆ, ಕಂದು ಅಂಟು ಒಸರಿದ್ದರೆ, ಬೋರ್ಡು ಸರಿಮಾಡಿಸುವ ತನಕ ಹೊಸ ಎಸ್‌ಎಂಪಿಎಸ್‌ಗೆ ದುಡ್ಡು ಕೊಡಬೇಡಿ.